ರಕ್ತದ ಸಕ್ಕರೆಯೂ ಅದರ ಪರೀಕ್ಷೆಯೂ

ಕಾವ್ಯವಿಮರ್ಶೆ, ಪ್ರವಾಸಕಥನ, ಸಣ್ಣಕಥೆ, ಭಾವಗೀತೆಗಳು ಬರುವ ಈ ಸಂಚಿಕೆಯಲ್ಲಿ ರಕ್ತ ಮೂತ್ರಗಳ ವಿಷಯವನ್ನು ತಂದು ಕೂರಿಸುವುದು ಔಚಿತ್ಯವೇ ಎಂದು ಸಹೃದಯರು ಹುಬ್ಬು ಗಂಟಿಕ್ಕಬಹುದು. ನಾನಾದರೋ ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಕಲಾ ವಿಭಾಗದ ವಿದ್ಯಾರ್ಥಿ; ವೈದ್ಯಶಾಸ್ತ್ರಕ್ಕೂ ನನಗೂ ಸಂಬಂಧವಿಲ್ಲ. ಆದರೂ ಬರೆಯಲು ಹೊರಟಿರುವುದಕ್ಕೆ ಕಾರಣವುಂಟು. ಹೋದ ವರ್ಷ ಆಷಾಢದಲ್ಲಿ ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಅಂದಿನಿಂದ ನಮ್ಮ ಮನೆಗೆ ಬಂದವರೆಲ್ಲರೂ ಕೇಳುವ ಮೊದಲ ಮಾತು, “ಶುಗರ್ ಎಷ್ಟಿದೆ?” ಎಂದು. ಪರೀಕ್ಷೆಯ ಫಲಿತಾಂಶ ಬಂದಾಗ ಹುಡುಗರನ್ನು “ಎಷ್ಟು ಮಾರ್ಕು?” ಎಂದು ಕೇಳುವುದಿಲ್ಲವೆ, ಹಾಗೆ. ಅವ್ವ ಒಂದು ಅಂಕಿ ಹೇಳುತ್ತಿದ್ದಳು. ಕೇಳಿದವರು ತಲೆಯಾಡಿಸುತ್ತಿದ್ದರು, ಇಲ್ಲವೇ ಲೊಚಗುಟ್ಟುತ್ತಿದ್ದರು. ಆ ಅಂಕಿ ಯಾವ ಹೊತ್ತಿನದು, ಏನು ಉಂಡ ಮೇಲಿನದು, ಯಾವ ವಿಧಾನದಿಂದ ತೆಗೆದದ್ದು ಎಂದು ಕೇಳಿದವರು ಒಬ್ಬರೂ ಇಲ್ಲ. ಹಾಗೆ ಕೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲವೆಂಬುದು ನನಗೆ ಕ್ರಮೇಣ ತಿಳಿಯಿತು. ತಿಳಿದದ್ದನ್ನು ವಾಚಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಈ ವಿಷಯ ನಮ್ಮ ಮನೆಗೆ ಮಾತ್ರ ಸೀಮಿತವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯೊಂದು ೨೦೨೩ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕ ಜನ ಮಧುಮೇಹಿಗಳು. ವಯಸ್ಕರಲ್ಲಿ ನೂರಕ್ಕೆ ೧೧.೪ರಷ್ಟು. ಆದ್ದರಿಂದ ಈ ಪುಟವನ್ನು ತೆರೆದವರ ಪೈಕಿ ಅನೇಕರ ಮನೆಯಲ್ಲಿ ಇದೇ ಪ್ರಶ್ನೋತ್ತರ ನಡೆಯುತ್ತಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಮೊದಲು ರಕ್ತದಲ್ಲಿರುವ ಸಕ್ಕರೆಯೆಂದರೆ ಎಷ್ಟು ಎಂಬುದನ್ನು ನೋಡೋಣ. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಆರೋಗ್ಯವಂತರು ರಾತ್ರಿಯ ಊಟವಾದ ಮೇಲೆ ಏನನ್ನೂ ತಿನ್ನದೆ ಬೆಳಿಗ್ಗೆ ಎದ್ದಾಗ, ಪ್ರತಿ ೧೦೦ ಮಿಲಿಲೀಟರು ರಕ್ತದಲ್ಲಿ ೭೦ರಿಂದ ೧೦೦ ಮಿಲಿಗ್ರಾಂವರೆಗೆ ಗ್ಲೂಕೋಸ್ ಎಂಬ ಸಕ್ಕರೆಯಿರುತ್ತದೆ. ಗುಣಿಸಿ ನೋಡಿದರೆ ಇಡೀ ಮೈಯ ರಕ್ತಕ್ಕೆಲ್ಲ ಸೇರಿ ಹೆಚ್ಚೆಂದರೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ! ಒಂದು ಹೊತ್ತಿನ ಮುದ್ದೆ, ಅನ್ನಗಳಿಂದ ಇದರ ಹದಿನೈದು ಇಪ್ಪತ್ತರಷ್ಟು ಸಕ್ಕರೆ ದೇಹಕ್ಕೆ ಬಂದು ಬೀಳುತ್ತದೆ. ಹಾಗಿದ್ದೂ ಚಮಚದ ಲೆಕ್ಕ ಅತಿಯಾಗಿ ತಪ್ಪದಿರುವುದು ಸೋಜಿಗವೇ ಸರಿ.

ಈ ಲೆಕ್ಕ ಹೇಗೆ ನಿಲ್ಲುತ್ತದೆ? ನಮ್ಮ ಕಡೆಯ ಕೆರೆಗಳನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. ಉಂಡ ಅನ್ನದ ಸಕ್ಕರೆಯಲ್ಲಿ ಒಂದು ಪಾಲನ್ನು ಪಿತ್ತಜನಕಾಂಗವು ಕೆರೆಯಂತೆ ತುಂಬಿಟ್ಟುಕೊಳ್ಳುತ್ತದೆ. ಊಟವಿಲ್ಲದ ಹೊತ್ತಿನಲ್ಲಿ, ಮುಖ್ಯವಾಗಿ ರಾತ್ರಿಯಲ್ಲಿ, ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಪಿತ್ತಜನಕಾಂಗವು ಸಕ್ಕರೆಯನ್ನು ಹೀಗೆ ಬಿಡುತ್ತದೆಂಬುದನ್ನು ತೋರಿಸಿಕೊಟ್ಟವನು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಕ್ಲಾಡ್ ಬರ್ನಾರ್ಡ್. ಈ ಕೆರೆಯ ತೂಬನ್ನು ಕಾಯುವ ನೀರುಗಂಟಿಯೇ ಇನ್ಸುಲಿನ್. ಮೇದೋಜೀರಕ ಗ್ರಂಥಿಯಿಂದ ಹೊರಡುವ ಈ ರಸವು ಊಟವಾದೊಡನೆ ತೂಬನ್ನು ಮುಚ್ಚಿಸುತ್ತದೆ. ಬಂದ ಸಕ್ಕರೆಯನ್ನು ಮಾಂಸಖಂಡಗಳೆಂಬ ಗದ್ದೆಗಳಿಗೆ ಹರಿಸುತ್ತದೆ. ನೀರುಗಂಟಿ ಬಲಗುಂದಿದರೆ, ಇಲ್ಲವೇ ಅವನ ಮಾತನ್ನು ಯಾರೂ ಕೇಳದಂತಾದರೆ, ಎರಡು ಬಗೆಯ ಕೆಡುಕು ಸಂಭವಿಸುತ್ತದೆ. ಉಂಡಾಗ ಬಂದ ಸಕ್ಕರೆ ರಕ್ತದಲ್ಲೇ ನಿಂತುಬಿಡುವುದು ಒಂದು. ಉಣ್ಣದಿದ್ದಾಗಲೂ ತೂಬಿನಿಂದ ಸಕ್ಕರೆ ಸೋರುವುದು ಇನ್ನೊಂದು. ಮೊದಲನೆಯದು ಊಟದ ನಂತರದ ಪರೀಕ್ಷೆಯಲ್ಲಿ ಕಾಣುತ್ತದೆ, ಎರಡನೆಯದು ಬೆಳಗಿನ ಬರೀ ಹೊಟ್ಟೆಯ ಪರೀಕ್ಷೆಯಲ್ಲಿ. ಒಂದು ಕೆಟ್ಟಿದ್ದು ಇನ್ನೊಂದು ಸುಮಾರಾಗಿರುವುದೂ ಉಂಟು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಈ ಪರೀಕ್ಷೆಯ ಪೂರ್ವೇತಿಹಾಸವನ್ನು ಬಿಟ್ಟು ಮುಂದೆ ಹೋಗುವ ಮನಸ್ಸಿಲ್ಲ. ನಮ್ಮ ಪ್ರಾಚೀನ ವೈದ್ಯರು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸಿ, ಅವುಗಳಲ್ಲಿ ಒಂದಕ್ಕೆ ಮಧುಮೇಹವೆಂದು ಹೆಸರಿಟ್ಟರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಅವರು ಗಮನಿಸಿದ್ದರು. ಇರುವೆಗಿಂತ ಅಗ್ಗವಾದ ಪ್ರಯೋಗಾಲಯ ಇನ್ನೊಂದಿರಲಾರದು! ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯನು ಇರುವೆಯ ಕೆಲಸವನ್ನು ತಾನೇ ವಹಿಸಿಕೊಂಡು, ರುಚಿ ನೋಡಿ, ಜೇನಿನಂತಿದೆ ಎಂದು ಬರೆದಿಟ್ಟನು. ೧೭೭೬ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬಾತ ಮೂತ್ರವನ್ನು ಕಾಯಿಸಿ ಇಂಗಿಸಿದಾಗ ತಳದಲ್ಲಿ ಕಂದು ಸಕ್ಕರೆಯಂಥ ಪುಡಿ ಉಳಿಯಿತು. ರೋಗಿಯ ರಕ್ತದ ತಿಳಿಯೂ ಸಿಹಿಯಾಗಿದೆಯೆಂದು ಆತನೇ ಹೇಳಿದನು. ಸಕ್ಕರೆ ಹುಟ್ಟುವುದು ಮೂತ್ರಪಿಂಡದಲ್ಲಲ್ಲ, ಅದು ರಕ್ತದಿಂದ ಸೋರಿ ಬರುವಂಥದು ಎಂಬ ತಿಳಿವಳಿಕೆಗೆ ಇದು ದಾರಿಮಾಡಿಕೊಟ್ಟಿತು.

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಬೆನೆಡಿಕ್ಟ್ ದ್ರಾವಣವೆಂಬ ನೀಲಿ ನೀರನ್ನು ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಇದನ್ನು ರೂಪಿಸಿದನು. ಪ್ರನಾಳದಲ್ಲಿ ಐದು ಮಿಲಿಲೀಟರು ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಒಂದು ಕುದಿ. ಸಕ್ಕರೆಯಿಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುವುದು. ಇದ್ದಷ್ಟಕ್ಕೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ನಮ್ಮ ಅಜ್ಜಂದಿರ ಕಾಲದ ಮಧುಮೇಹಿಗಳಿಗೆ ಈ ಬಣ್ಣವೇ ಪಂಚಾಂಗ. ಆದರೆ ಇದರಲ್ಲಿ ಎರಡು ಕೊರತೆಗಳಿದ್ದುವು. ರಕ್ತದ ಸಕ್ಕರೆಯು ಸುಮಾರು ೧೮೦ನ್ನು ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಕ್ಕೆ ಬಿಡುವುದಿಲ್ಲ. ಹೀಗಾಗಿ ೧೭೦ ಇದ್ದವನಿಗೂ ೯೦ ಇದ್ದವನಿಗೂ ಒಂದೇ ನೀಲಿ. ಸಕ್ಕರೆ ಅಪಾಯಕರವಾಗಿ ಇಳಿದುಹೋಗಿದ್ದರೂ ಅದೇ ನೀಲಿ. ಮೇಲಾಗಿ ಮೂತ್ರವು ಹಿಂದಿನ ಕೆಲವು ಗಂಟೆಗಳ ಸುದ್ದಿಯನ್ನು ಹೇಳುತ್ತದೆಯೇ ಹೊರತು ಈ ಗಳಿಗೆಯ ಸುದ್ದಿಯನ್ನಲ್ಲ. ೧೯೨೧ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿ, ೧೯೨೨ರ ಜನವರಿಯಲ್ಲಿ ಅದನ್ನು ಮೊದಲು ರೋಗಿಯೊಬ್ಬನಿಗೆ ಕೊಟ್ಟ ಮೇಲೆ, ‘ಈ ಗಳಿಗೆ’ ಎಂಬುದಕ್ಕೆ ಬೆಲೆ ಬಂತು. ಔಷಧ ಹೆಚ್ಚಾದರೆ ಸಕ್ಕರೆ ಕುಸಿದು ರೋಗಿ ಮೂರ್ಛೆ ಹೋಗುವನಷ್ಟೆ!

ರಕ್ತದ ಹನಿಯಿಂದಲೇ ಸುಲಭವಾಗಿ ತಿಳಿಯುವ ಕಾಗದದ ಪಟ್ಟಿಯನ್ನು ಅಮೆರಿಕದ ಏಮ್ಸ್ ಸಂಸ್ಥೆ ತಂದದ್ದು ೧೯೬೫ರ ಸುಮಾರಿಗೆ. ಹನಿ ಹಾಕಿ, ಒಂದು ನಿಮಿಷ ಕಾದು, ನೀರಿನಿಂದ ತೊಳೆದು, ಉಳಿದ ಬಣ್ಣವನ್ನು ಚಾರ್ಟಿನೊಡನೆ ಹೋಲಿಸಬೇಕು. ಬಣ್ಣವನ್ನು ಕಣ್ಣಿಗೆ ಬದಲಾಗಿ ಯಂತ್ರವೇ ಓದುವಂತಾದುದು ೧೯೭೦ರ ಹೊತ್ತಿಗೆ. ಈಗ ಅಂಗೈಯಲ್ಲಿ ಹಿಡಿಯುವ ಗ್ಲುಕೋಮೀಟರು ಬಣ್ಣವನ್ನು ನೋಡುವುದಿಲ್ಲ, ವಿದ್ಯುತ್ತನ್ನು ಅಳೆಯುತ್ತದೆ. ಅನೇಕ ಪಟ್ಟಿಗಳಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ಈ ಕಿಣ್ವವನ್ನು ತೆಗೆಯುವುದು ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನಿಂದ. ಅಡಿಗೆಮನೆಯ ಈರುಳ್ಳಿಯ ಸಿಪ್ಪೆಯ ಮೇಲೆ ಮಸಿಯಂತೆ ಹಿಡಿಯುವ ಕಪ್ಪು ಬೂಷ್ಟು ಸಾಮಾನ್ಯವಾಗಿ ಇದೇ. ಕಿಣ್ವವು ಹನಿಯಲ್ಲಿನ ಗ್ಲೂಕೋಸನ್ನು ಮಾತ್ರ ಹುಡುಕಿ ಹಿಡಿದು ಅದರಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ಹರಿಯುವ ವಿದ್ಯುತ್ತೂ ಹೆಚ್ಚು. ಸಾಸಿವೆ ಕಾಳಿಗಿಂತ ಚಿಕ್ಕ ಹನಿ ಸಾಕು, ಐದಾರು ಸೆಕೆಂಡುಗಳಲ್ಲಿ ಅಂಕಿ ಮೂಡುತ್ತದೆ.

ಇನ್ನು ಆ ಅಂಕಿಗಳ ವಿಚಾರ. ಪ್ರಯೋಗಾಲಯದ ಚೀಟಿಯಲ್ಲಿ ಎಫ್.ಬಿ.ಎಸ್., ಪಿ.ಪಿ.ಬಿ.ಎಸ್., ಎಚ್.ಬಿ.ಎ.ಒನ್.ಸಿ. ಎಂಬ ಅಕ್ಷರಮಾಲೆ ಇರುತ್ತದೆ. ಮೊದಲನೆಯದು ಎಂಟು ಗಂಟೆಗೆ ಕಡಮೆಯಿಲ್ಲದೆ ಏನೂ ತಿನ್ನದೆ ಕೊಟ್ಟ ರಕ್ತದ್ದು. ನೀರು ಕುಡಿಯಬಹುದು, ಕಾಫಿ ಸಲ್ಲದು. ‘ಅರ್ಧ ಲೋಟ ಕಾಫಿ ಲೆಕ್ಕಕ್ಕಿಲ್ಲ’ ಎಂಬ ನ್ಯಾಯ ನಮ್ಮ ಮೈಸೂರು ಸೀಮೆಯಲ್ಲಿ ಪ್ರಬಲವಾಗಿದೆಯೆಂದು ಕಾಣುತ್ತದೆ. ಎರಡನೆಯದು ಊಟದ ಎರಡು ಗಂಟೆಯ ನಂತರದ್ದು. ಗಂಟೆಯನ್ನು ಎಣಿಸಬೇಕಾದುದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದಲ್ಲ. ಆ ದಿನ ಮಾತ್ರೆಯನ್ನು ಬಿಟ್ಟು, ಎರಡು ಇಡ್ಲಿ ಮಾತ್ರ ತಿಂದು ಹೋಗುವವರಿದ್ದಾರೆ. ಎಂದಿನ ಊಟ ಮಾಡಿ ಎಂದಿನ ಮಾತ್ರೆ ತೆಗೆದುಕೊಂಡಾಗ ಏನಾಗುತ್ತದೆಂಬುದೇ ಅಲ್ಲಿಯ ಪ್ರಶ್ನೆಯಾದುದರಿಂದ, ಅಂಥ ಪರೀಕ್ಷೆಗೆ ಕೊಟ್ಟ ಹಣ ದಂಡ.

ಕಾಯಿಲೆ ಇದೆಯೆಂದು ತೀರ್ಮಾನಿಸುವ ಗೆರೆಗಳು ಬೇರೆ, ಇದೆಯೆಂದು ತಿಳಿದ ಮೇಲೆ ಇಟ್ಟುಕೊಳ್ಳುವ ಗುರಿಗಳು ಬೇರೆ. ಇವೆರಡನ್ನು ಬೆರೆಸಿಕೊಂಡು ಕೊರಗುವವರನ್ನು ಕಂಡಿದ್ದೇನೆ. ಬರೀ ಹೊಟ್ಟೆಯಲ್ಲಿ ೧೨೬ ಅಥವಾ ಹೆಚ್ಚು, ೭೫ ಗ್ರಾಂ ಗ್ಲೂಕೋಸ್ ಕುಡಿಸಿದ ಎರಡು ಗಂಟೆಯ ಮೇಲೆ ೨೦೦ ಅಥವಾ ಹೆಚ್ಚು, ಎಚ್.ಬಿ.ಎ.ಒನ್.ಸಿ. ೬.೫ ಅಥವಾ ಹೆಚ್ಚು ಇದ್ದರೆ ಮಧುಮೇಹವೆನ್ನುತ್ತಾರೆ; ಲಕ್ಷಣಗಳು ಸ್ಪಷ್ಟವಾಗಿಲ್ಲದಿದ್ದರೆ ಒಂದೇ ಅಂಕಿಯನ್ನು ನಂಬದೆ ಇನ್ನೊಮ್ಮೆ ನೋಡುತ್ತಾರೆ. ಚಿಕಿತ್ಸೆ ನಡೆಯುತ್ತಿರುವ ಸಾಮಾನ್ಯ ವಯಸ್ಕರಿಗಾದರೋ ಊಟಕ್ಕೆ ಮೊದಲು ೮೦ರಿಂದ ೧೩೦, ಊಟದ ನಂತರ ೧೮೦ರೊಳಗೆ, ಎಚ್.ಬಿ.ಎ.ಒನ್.ಸಿ. ಸುಮಾರು ೭ರೊಳಗೆ ಎಂಬುದು ಬಹುಮಟ್ಟಿಗೆ ಒಪ್ಪಿದ ಗುರಿ. ವೃದ್ಧರಿಗೆ ಇದು ಸಡಿಲ, ಗರ್ಭಿಣಿಯರಿಗೆ ಬಿಗಿ. ಅವರವರ ವೈದ್ಯರು ಹೇಳಿದ್ದೇ ಅವರವರಿಗೆ ಪ್ರಮಾಣ.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅವಳಿಗೆ ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟು, ತಿಂಗಳಿಗೊಮ್ಮೆ ಬರೀ ಹೊಟ್ಟೆಯಲ್ಲಿ ಬಂದು ರಕ್ತ ತೋರಿಸುವಂತೆ ಹೇಳಿದರು. ನಮ್ಮ ಅವ್ವ ಇದನ್ನು ನಾವು ವಾರ್ಷಿಕ ಪರೀಕ್ಷೆಯನ್ನು ಎದುರಿಸುವಂತೆಯೇ ಎದುರಿಸಿದಳು. ಅಂದರೆ, ಹಿಂದಿನ ಎರಡು ದಿನ ಮಾತ್ರ ಓದುವುದು! “ನಾಡಿದ್ದು ಆಸ್ಪತ್ರೆ ಕಣಪ್ಪಾ, ನಂಗೆ ರಾತ್ರಿ ಮುದ್ದೆ ಬ್ಯಾಡ” ಎಂದು ಒಂದು ಲೋಟ ಮಜ್ಜಿಗೆ ಕುಡಿದು ಮಲಗುವಳು. ಬೆಳಿಗ್ಗೆ ಎದ್ದು ಕೆರೆ ಏರಿಯ ತುದಿಯವರೆಗೆ ನಡೆದು ಬರುವಳು. ೧೨೪, ೧೧೯, ೧೨೮ ಎಂದು ಅಂಕಿಗಳು ಬಂದುವು. ವೈದ್ಯರು ಮಾತ್ರೆಯನ್ನು ಹಾಗೆಯೇ ಮುಂದುವರಿಸಿದರು. ಅವ್ವನೂ ಪಾಸಾದೆನೆಂದು ಸಮಾಧಾನಪಟ್ಟು, ಆ ಸಂಜೆಯೇ ಹಬ್ಬದ ಅಡಿಗೆ ಮಾಡುತ್ತಿದ್ದಳು. ಏಳನೆಯ ತಿಂಗಳಲ್ಲಿ ಅಂಗಾಲು ಜೋಮು ಹಿಡಿಯುತ್ತದೆ, ಹೊಲದಲ್ಲಿ ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ ಎಂದಾಗ, ಹೊಸದಾಗಿ ಬಂದಿದ್ದ ವೈದ್ಯೆಯೊಬ್ಬರು ಎಚ್.ಬಿ.ಎ.ಒನ್.ಸಿ. ಮಾಡಿಸಿದರು. ೮.೬ ಬಂತು. ಅವ್ವ ಹಳೆಯ ಚೀಟಿಗಳನ್ನೆಲ್ಲ ಸೆರಗಿನಿಂದ ಬಿಚ್ಚಿ ತೋರಿಸಿದಳು. ಆಕೆ ನಕ್ಕು, “ಅಮ್ಮಾ, ಬೆಳಿಗ್ಗೆ ಆರು ಗಂಟೆಗೆ ಸಂತೆ ಮಾಳ ನೋಡಿ, ಸಂತೆ ಹೇಗೆ ನಡೀತು ಅಂತ ಹೇಳೋಕಾಗುತ್ತಾ?” ಎಂದರು.

ಈ ಎಚ್.ಬಿ.ಎ.ಒನ್.ಸಿ. ಎಂಬುದು ಸ್ವಾರಸ್ಯವಾದ ವಸ್ತು. ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಇದೆ. ಕಣವು ಸುಮಾರು ೧೨೦ ದಿನ ಬದುಕಿ ಸಾಯುತ್ತದೆ. ಬದುಕಿರುವಷ್ಟು ಕಾಲವೂ ಸುತ್ತಲಿನ ಸಕ್ಕರೆ ಸ್ವಲ್ಪ ಸ್ವಲ್ಪವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ಭದ್ರವಾಗಿ ಅಂಟಿದ್ದು ಬಿಡುವುದಿಲ್ಲ. ಬೆಲ್ಲದ ಅಂಗಡಿಯಲ್ಲಿ ಕೆಲಸ ಮಾಡುವವನ ಅಂಗಿಯನ್ನು ನೋಡಿದರೆ ಎಷ್ಟು ಬೆಲ್ಲ ಬಂದುಹೋಯಿತೆಂಬುದು ತಿಳಿಯುವುದಿಲ್ಲವೆ? ಹಾಗೆ. ಮಧುಮೇಹಿಗಳ ರಕ್ತದಲ್ಲಿ ಇಂಥ ಹಿಮೋಗ್ಲೋಬಿನ್ ಹೆಚ್ಚಿರುವುದನ್ನು ೧೯೬೮ರಲ್ಲಿ ಇರಾನಿನ ಟೆಹರಾನಿನಲ್ಲಿ ಗುರುತಿಸಿದವರು ಸ್ಯಾಮುಯೆಲ್ ರಹ್ಬರ್. ನೂರರಲ್ಲಿ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆಯೆಂಬುದೇ ಇಲ್ಲಿಯ ಅಂಕಿ. ಅದು ಹಿಂದಿನ ಎರಡು ಮೂರು ತಿಂಗಳುಗಳ ಸರಾಸರಿಯನ್ನು ಹೇಳುತ್ತದೆ. ಅದರಲ್ಲಿಯೂ ಕಳೆದ ಒಂದು ತಿಂಗಳದೇ ಸುಮಾರು ಅರ್ಧ ಪಾಲು. ೬ ಎಂದರೆ ಸರಾಸರಿ ೧೨೬, ೭ ಎಂದರೆ ೧೫೪, ೮ಕ್ಕೆ ೧೮೩, ೯ಕ್ಕೆ ೨೧೨. ಅವ್ವನ ೮.೬ರ ಅರ್ಥ, ಹಗಲೂ ರಾತ್ರಿಯೂ ಸೇರಿ ಅವಳ ಸರಾಸರಿ ಸಕ್ಕರೆ ೨೦೦. ಎರಡು ದಿನದ ಮಜ್ಜಿಗೆಯಿಂದ ಈ ಲೆಕ್ಕ ಅಳಿಸುವುದಿಲ್ಲ.

ಆದರೆ ಇದೂ ಸರ್ವಜ್ಞವಲ್ಲ. ಕೆಂಪು ಕಣಗಳ ಆಯುಷ್ಯವೇ ಏರುಪೇರಾದರೆ ಅಂಕಿಯೂ ತಪ್ಪುತ್ತದೆ. ಕಬ್ಬಿಣದ ಅಂಶ ಕಡಮೆಯಾಗಿ ರಕ್ತಹೀನತೆ ಬಂದವರಲ್ಲಿ ಇದು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಈಚೆಗೆ ರಕ್ತ ಕೊಡಿಸಿಕೊಂಡವರಲ್ಲಿ, ಕಣಗಳು ಬೇಗ ಒಡೆದುಹೋಗುವ ಕಾಯಿಲೆಯವರಲ್ಲಿ ಕಡಮೆಯಾಗಿ ಕಾಣಬಹುದು. ನಮ್ಮ ಹಳ್ಳಿಯ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದನ್ನು ನೆನೆದರೆ ಈ ಎಚ್ಚರಿಕೆ ಚಿಕ್ಕದಲ್ಲ. ವೈದ್ಯೆಯು ಅವ್ವನ ಹಿಮೋಗ್ಲೋಬಿನ್ನನ್ನೂ ನೋಡಿಯೇ ಮಾತನಾಡಿದರು.

ಮಾತ್ರೆ ಹೆಚ್ಚಾಯಿತು, ಮನೆಗೆ ಗ್ಲುಕೋಮೀಟರು ಬಂತು. ಅದರೊಡನೆ ನಮ್ಮ ಮನೆಯಲ್ಲಿ ಒಂದು ನ್ಯಾಯಸ್ಥಾನವೂ ಸ್ಥಾಪಿತವಾಯಿತು! ಅಂಕಿ ಇನ್ನೂರನ್ನು ದಾಟಿದರೆ ಸಾಕು, ಅಪ್ಪ “ನಿಜ ಹೇಳೇ, ಏನ್ ತಿಂದೆ?” ಎಂದು ವಿಚಾರಣೆ ಆರಂಭಿಸುವರು. ಚಿಕ್ಕಮ್ಮ ಸಾಕ್ಷಿ ಹೇಳುವಳು: “ಬೆಳಿಗ್ಗೆ ಒಬ್ಬಟ್ಟಿನ ಡಬ್ಬ ತೆಗೆದ ಸದ್ದಾಯ್ತು.” ಫಲವೇನೆಂದರೆ, ಅವ್ವ ಅಳೆಯುವುದನ್ನೇ ನಿಲ್ಲಿಸಿದಳು. ಪುಸ್ತಕದಲ್ಲಿ ಒಂಬತ್ತು ದಿನ ಖಾಲಿ. ನನಗೆ ಆಗ ಹೊಳೆದದ್ದಿಷ್ಟು: ಪಟ್ಟಿಯ ಮೇಲೆ ಹನಿ ಬಿಟ್ಟಾಗ ಉತ್ತರ ಹೇಳಬೇಕಾದುದು ಮುದ್ದೆ, ಮಾತ್ರೆ, ನಡಿಗೆ, ನಿದ್ರೆಗಳು, ಅವ್ವನಲ್ಲ. ಅವಳು ಪ್ರಶ್ನೆ ಕೇಳುವವಳು. ಇದನ್ನು ಅಪ್ಪನಿಗೆ ಮನಗಾಣಿಸಲು ಹೆಚ್ಚು ವಾದ ಬೇಕಾಗಲಿಲ್ಲ. ಮಾಘದಲ್ಲಿ ಅವ್ವನಿಗೆ ಜ್ವರ ಬಂದು, ದಿನವೆಲ್ಲ ಒಂದು ಬಟ್ಟಲು ಗಂಜಿ ಕುಡಿದು ಮಲಗಿದ್ದ ದಿನ ಅಂಕಿ ೨೪೧ ಬಂತು. ಅಪ್ಪ ಯಾರನ್ನು ವಿಚಾರಿಸಬೇಕೆಂದು ತಿಳಿಯದೆ ಸುಮ್ಮನಾದರು. ಜ್ವರ, ಗಾಯ, ಚಿಂತೆ, ನಿದ್ದೆಗೇಡುಗಳಲ್ಲಿ ದೇಹವು ತಾನೇ ತೂಬನ್ನು ಎತ್ತಿ ಸಕ್ಕರೆಯನ್ನು ಹರಿಯಬಿಡುತ್ತದೆಂದು ಆಮೇಲೆ ನರ್ಸಮ್ಮ ವಿವರಿಸಿದರು. ನಸುಕಿನ ಹೊತ್ತಿನಲ್ಲಿಯೂ ಹೀಗೆಯೇ. ರಾತ್ರಿ ಮಿತವಾಗಿ ಉಂಡವರಿಗೂ ಕೆಲವೊಮ್ಮೆ ಬೆಳಗಿನ ಅಂಕಿ ಏರಿರುವುದಕ್ಕೆ ಇದೊಂದು ಕಾರಣ.

ಅಲ್ಲಿಂದ ಪುಸ್ತಕದಲ್ಲಿ ಐದು ಮನೆಗಳನ್ನು ಗೆರೆ ಎಳೆದೆವು: ದಿನ, ಹೊತ್ತು, ಉಂಡದ್ದು, ಮಾತ್ರೆ, ಅಂಕಿ. ಒಂಟಿ ಅಂಕಿಗಿಂತ ಜೋಡಿ ಅಂಕಿ ಹೆಚ್ಚು ಮಾತಾಡುತ್ತದೆ. ಊಟಕ್ಕೆ ಮೊದಲೊಂದು, ಮೊದಲ ತುತ್ತಿನಿಂದ ಎರಡು ಗಂಟೆಯ ಮೇಲೊಂದು ನೋಡಿದರೆ ಆ ಊಟ ಏನು ಮಾಡಿತೆಂಬುದು ತಿಳಿಯುತ್ತದೆ. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮ ಕಡೆ ದೃಢವಾಗಿದೆ. ಅದನ್ನೇ ಮೊದಲು ಕೇಳಿ ನೋಡಿದೆವು. ಬಸ್ಸಾರಿನೊಡನೆ ಎರಡು ಮುದ್ದೆ ಉಂಡ ದಿನ ೧೨೮ ಇದ್ದದ್ದು ೨೩೬ಕ್ಕೆ ಏರಿತು. ಅನ್ನ ಉಂಡ ದಿನ ೧೨೬ರಿಂದ ೨೨೯. ಒಂದೇ ಮುದ್ದೆ, ಅದರ ಜೊತೆಗೆ ಸೊಪ್ಪಿನ ಪಲ್ಯವನ್ನೂ ಹುರುಳಿಕಾಳನ್ನೂ ಧಾರಾಳವಾಗಿ ಬಡಿಸಿದ ದಿನ ೧೩೧ರಿಂದ ೧೮೨. ಒಬ್ಬಳು ಅವ್ವನ ಮೂರು ದಿನದ ಲೆಕ್ಕದಿಂದ ಶಾಸ್ತ್ರ ಕಟ್ಟಲಾಗದು, ನಿಜ. ಆದರೆ ರಾಗಿಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಪಿಷ್ಟವೇ ಆಗಿರುವುದರಿಂದ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ನಾರು ಅಕ್ಕಿಗಿಂತ ಹೆಚ್ಚಿದೆ, ಸುಣ್ಣದ ಅಂಶ ಹೇರಳವಾಗಿದೆ, ಅದೆಲ್ಲ ಸರಿ. ಎಷ್ಟು ಮುದ್ದೆ ಎಂಬ ಪ್ರಶ್ನೆ ಮಾತ್ರ ಉಳಿದೇ ಇರುತ್ತದೆ. ನಾಲ್ಕು ವರ್ಷದಿಂದ ನೆರೆಹೊರೆಯವರು ಹೇಳುತ್ತಿದ್ದ ಬುದ್ಧಿವಾದವನ್ನು ಕೇಳದ ಅವ್ವ, ತಾನೇ ಚುಚ್ಚಿ ತಾನೇ ಬರೆದ ಈ ಮೂರು ಸಾಲುಗಳನ್ನು ನೋಡಿ ಎರಡನೆಯ ಮುದ್ದೆಯನ್ನು ಬಿಟ್ಟಳು.

ಅಳೆಯುವ ಕ್ರಮದಲ್ಲಿ ಕೆಲವು ಸಣ್ಣ ಸಂಗತಿಗಳಿವೆ, ಸಣ್ಣವಾದುದರಿಂದಲೇ ಕಡೆಗಣಿಸಲ್ಪಡುತ್ತವೆ. ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರಸಿಕೊಳ್ಳಬೇಕು. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಉಳಿದ ಸಿಹಿಯೇ ಅಂಕಿಯನ್ನು ನೂರಾರು ಏರಿಸಬಲ್ಲದು. ಬೆರಳ ತುದಿಯ ನಟ್ಟನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಮೆ. ಹನಿ ಬರಲಿಲ್ಲವೆಂದು ಬಲವಾಗಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬಂದು ಲೆಕ್ಕ ಕೆಡುತ್ತದೆ; ಅದಕ್ಕೆ ಬದಲು ಕೈಯನ್ನು ಬೆಚ್ಚಗೆ ಮಾಡಿ ಕೆಳಕ್ಕೆ ಇಳಿಬಿಡಬೇಕು. ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿದ್ದರೆ ತೇವಕ್ಕೆ ಕಿಣ್ವ ಕೆಡುತ್ತದೆ. ಒಂದೇ ಸೂಜಿಯಿಂದ ಮನೆಮಂದಿಯೆಲ್ಲ ಚುಚ್ಚಿಕೊಂಡು ನೋಡುವ ವಿನೋದ ಕೆಲವು ಕಡೆ ನಡೆಯುತ್ತದೆ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು ಹೀಗೆ ಹರಡಿದ ಉದಾಹರಣೆಗಳಿವೆ. ಈ ವಿನೋದ ಖಂಡಿತ ಕೂಡದು.

ಪೇಟೆಯ ಒಂದು ಪ್ರಯೋಗಾಲಯದಲ್ಲಿ ೧೪೮ ಬಂದ ಬೆಳಿಗ್ಗೆಯೇ ನಮ್ಮ ಮೀಟರಿನಲ್ಲಿ ೧೬೧ ಬಂದು, ಮೀಟರು ಸುಳ್ಳೋ ಪ್ರಯೋಗಾಲಯ ಸುಳ್ಳೋ ಎಂದು ದೊಡ್ಡ ಚರ್ಚೆಯಾಯಿತು. ಅಲ್ಲಿಯವರನ್ನು ಕೇಳಿದ್ದಕ್ಕೆ, “ನಿಮ್ಮ ಮೀಟರ್ ಎಸೆದುಬಿಡಿ” ಎಂದು ಗದರಿಸಿ ಕಳಿಸಿದರೇ ಹೊರತು ವಿವರಿಸಲಿಲ್ಲ. ವಾಸ್ತವವಾಗಿ ಎರಡೂ ಸುಳ್ಳಲ್ಲ. ೨೦೧೩ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ೧೦೦ ಅಥವಾ ಅದಕ್ಕೆ ಮೇಲ್ಪಟ್ಟ ಅಂಕಿಗಳಲ್ಲಿ ಮನೆಯ ಮೀಟರು ಪ್ರಯೋಗಾಲಯಕ್ಕಿಂತ ನೂರಕ್ಕೆ ಹದಿನೈದರವರೆಗೆ ಆಚೀಚೆ ಇರಬಹುದು. ೧೦೦ಕ್ಕಿಂತ ಕೆಳಗೆ ಹದಿನೈದು ಅಂಕಿ ಆಚೀಚೆ. ನೂರರಲ್ಲಿ ೯೫ ಸಲವಾದರೂ ಈ ಮಿತಿಯೊಳಗೆ ಇರಬೇಕೆಂಬುದು ನಿಯಮ. ಆದ್ದರಿಂದ ನಿನ್ನೆ ೧೪೨, ಇಂದು ೧೫೦ ಎಂದು ಹೌಹಾರುವುದು ವ್ಯರ್ಥ. ಮನೆಯ ಮೀಟರು ಕಾಯಿಲೆಯನ್ನು ತೀರ್ಮಾನಿಸುವ ಉಪಕರಣವೂ ಅಲ್ಲ. ಅದಕ್ಕೆ ಪ್ರಯೋಗಾಲಯದ ರಕ್ತನಾಳದ ಪರೀಕ್ಷೆಯೇ ಆಗಬೇಕು. ತೋಳಿಗೆ ಅಂಟಿಸಿಕೊಂಡು ಹಗಲಿರುಳೂ ಅಳೆಯುವ ಸಂವೇದಕಗಳೂ ಬಂದಿವೆ. ಅವು ಅಳೆಯುವುದು ಚರ್ಮದಡಿಯ ದ್ರವವನ್ನಾದ್ದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತವೆ. ನಮ್ಮಂಥವರ ಕೈಗೆ ಅವು ಸದ್ಯಕ್ಕೆ ಎಟುಕುವಂತಿಲ್ಲ.

ಏರುವುದರ ಬಗ್ಗೆಯೇ ಇಷ್ಟು ಹೊತ್ತು ಮಾತಾಯಿತು. ಇಳಿಯುವುದು ಇನ್ನೂ ಅವಸರದ ವಿಷಯ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಕೆಲವು ಬಗೆಯ ಮಾತ್ರೆ ನುಂಗುವವರಿಗೂ ಊಟ ತಪ್ಪಿದಾಗ ಅಂಕಿ ೭೦ಕ್ಕಿಂತ ಕೆಳಗಿಳಿಯಬಹುದು. ಕೈ ನಡುಗುವುದು, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ಮಾತು ತೊದಲುವುದು ಇದರ ಗುರುತುಗಳು. ಆಗ ಸುಮಾರು ೧೫ ಗ್ರಾಂ, ಅಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಮೇಲೆ ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಎನ್.ಎಸ್.ಎಸ್. ಶಿಬಿರಗಳಿಗೆ ಹೋಗುವ ಮಿತ್ರರು ಇದನ್ನು ತಿಳಿದಿರುವುದು ಲೇಸು.

ಇಷ್ಟೆಲ್ಲ ರಗಳೆ ಏಕೆಂದು ಅವ್ವನೇ ಒಮ್ಮೆ ಕೇಳಿದಳು. ಬ್ರಿಟನ್ನಿನಲ್ಲಿ ಹೊಸದಾಗಿ ಮಧುಮೇಹ ಕಂಡುಬಂದ ಸಾವಿರಾರು ಜನರನ್ನು ಹತ್ತು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದ ಫಲ ೧೯೯೮ರಲ್ಲಿ ಪ್ರಕಟವಾಯಿತು. ಬಿಗಿಯಾಗಿ ನೋಡಿಕೊಂಡವರ ಎಚ್.ಬಿ.ಎ.ಒನ್.ಸಿ. ನಡುಮಟ್ಟಕ್ಕೆ ೭.೦, ಉಳಿದವರದು ೭.೯, ವ್ಯತ್ಯಾಸ ಒಂದಕ್ಕಿಂತ ಕಡಮೆ. ಆದರೂ ಕಣ್ಣು, ಮೂತ್ರಪಿಂಡ ಮೊದಲಾದೆಡೆ ಸಣ್ಣ ರಕ್ತನಾಳಗಳು ಕ್ಷಯಿಸುವುದರಿಂದ ಬರುವ ತೊಂದರೆ ಮೊದಲ ಗುಂಪಿನಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಕಡಮೆಯಾಯಿತು. ನಾನು ಇದನ್ನು ಅವಳಿಗೆ ಹೇಳಿದಾಗ, ಅವಳು ಕೇಳಿದ್ದು ಒಂದೇ ಮಾತು: “ಕಾಲಿನ ಜೋಮು ಹೋಯ್ತದಾ?” ಹೋಗಿಯೇ ತೀರುವುದೆಂದು ವೈದ್ಯರು ಹೇಳಲಿಲ್ಲ, ಹೆಚ್ಚಾಗದಂತೆ ತಡೆಯಬಹುದು, ದಿನವೂ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಿ, ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ ಎಂದರು. ಅವ್ವ ಮೊದಲ ಬಾರಿಗೆ ಚಪ್ಪಲಿ ಮೆಟ್ಟಿ ಕಳೆ ಕೀಳುವುದನ್ನು ಕಲಿತಳು.

ಒಂದು ಪಟ್ಟಿಗೆ ಹೆಚ್ಚು ಕಡಮೆ ಹೋಟೆಲಿನ ಒಂದು ಕಾಫಿಯ ಬೆಲೆ. ಇನ್ಸುಲಿನ್ ತೆಗೆದುಕೊಳ್ಳುವವರು ದಿನಕ್ಕೆ ಹಲವು ಸಲ ನೋಡಲೇಬೇಕಾಗುತ್ತದೆ. ಮಾತ್ರೆ ಮಾತ್ರ ನುಂಗುವ ಅವ್ವನಂಥವರು ದಿನವೂ ಚುಚ್ಚಿಕೊಳ್ಳುವ ಅಗತ್ಯವಿಲ್ಲವೆಂದು ವೈದ್ಯೆ ಹೇಳಿದ್ದಾರೆ. ಆದ್ದರಿಂದ ಏನನ್ನಾದರೂ ತಿಳಿಯಬೇಕಾದಾಗ ಮಾತ್ರ ಪಟ್ಟಿ ತೆಗೆಯುತ್ತೇವೆ: ಹೊಸ ಅಡಿಗೆ, ಬದಲಾದ ಮಾತ್ರೆ, ಮೈಗೆ ಹುಷಾರಿಲ್ಲದ ದಿನ. ಮೂರು ತಿಂಗಳ ಮೇಲೆ ಮಾಡಿಸಿದ ಎಚ್.ಬಿ.ಎ.ಒನ್.ಸಿ. ೭.೬ ಬಂದಿತು, ಮುಂದಿನದು ಪುಷ್ಯದಲ್ಲಿ. ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂದಿರುತ್ತದೆ. ಹಿದುಕಿದ ಬೇಳೆಯ ಸಾರಿಗೆ ಒಂದೇ ಮುದ್ದೆ ಸಾಲದೆಂಬುದು ಅವ್ವನ ವಾದ. ಅದನ್ನು ಕೇಳಿ ನೋಡುವುದಕ್ಕೆಂದು ಎರಡು ಪಟ್ಟಿಗಳನ್ನು ಈಗಲೇ ಎತ್ತಿಟ್ಟಿದ್ದಾಳೆ.